ಒಳಗಿನ್ನೂ ನೀರಿದೆ, ಮೇಡಂ

ನನ್ನ ಕೈತುಂಬ ಜೇಡಿಮಣ್ಣು ಮೆತ್ತಿಕೊಂಡಿದ್ದರಿಂದ ಆವತ್ತು ಎಳನೀರಿನ ಮಾದಪ್ಪನವರೇ ಕಾಯಿ ಕೆತ್ತಿಕೊಂಡು ಸ್ಟುಡಿಯೋದೊಳಗೆ ಬಂದರು. ಇಟ್ಟಮಡುವಿನಲ್ಲಿ ನಮ್ಮ ಗೇಟಿನ ಎದುರಿಗೇ ಅವರ ಗಾಡಿ. ಒಳಗೆ ಬೆಂಚಿನ ಮೇಲೆ ಐದು ಮಣ್ಣಿನ ಗೂಬೆಗಳು ಒಣಗುತ್ತಾ ಕೂತಿದ್ದವು. ಒಂದೂವರೆ ತಿಂಗಳ ಕೆಲಸ. ಪ್ರದರ್ಶನಕ್ಕೆ ಒಂದೇ ವಾರ ಉಳಿದಿತ್ತು, ಮಧ್ಯಾಹ್ನವೇ ಕಿಲ್ನ್ ಅನ್ನುವ ಗೂಡಿನಲ್ಲಿಟ್ಟು ಸುಡಬೇಕಿತ್ತು.

"ಇವೆಲ್ಲ ಒಣಗಿದ್ಯಾ ಮೇಡಂ?" ಅಂದವರು ನಾನು ಬಾಯಿ ತೆರೆಯುವ ಮೊದಲೇ ಮಚ್ಚು ಎತ್ತಿದರು. ಅವರು ಮಚ್ಚಿನ ಹಿಂಬದಿಯಿಂದ ಒಂದೊಂದೇ ಗೂಬೆಯ ಹೊಟ್ಟೆಯನ್ನು ಮೆಲ್ಲಗೆ ತಟ್ಟಿ, ಕಿವಿಗೊಟ್ಟು ಕೇಳಿ, ನಾಲ್ಕನೆಯದರ ಹತ್ತಿರ ನಿಂತರು.

"ಇದ್ರೊಳಗೆ ಇನ್ನೂ ನೀರಿದೆ ಮೇಡಂ."

"ಅಣ್ಣ, ಇದು ಎಳನೀರಲ್ಲ" ಅಂದೆ, ಸ್ವಲ್ಪ ಜೋರಾಗಿಯೇ. ಐದನ್ನೂ ಸುಟ್ಟೆ.

ಎರಡು ದಿನ ಬಿಟ್ಟು ಕಿಲ್ನ್ ತೆಗೆದರೆ ನಾಲ್ಕನೆಯ ಗೂಬೆ ಚೂರುಚೂರು. ಉಳಿದವು ಹೇಗೋ ಬದುಕಿದ್ದವು. ಒಳಗೆ ಹಸಿ ಉಳಿದ ಮಣ್ಣು ಬೆಂಕಿಯಲ್ಲಿ ಸಿಡಿಯುತ್ತದೆ ಅನ್ನುವುದು ಕಲಿಯಲು ಬಂದವರಿಗೆ ನಾನೇ ಹೇಳಿಕೊಡುವ ಮೊದಲ ಪಾಠ.

ಈಗ ಮಾದಪ್ಪನವರು ತಟ್ಟಿ ನೋಡಿ ಹೂಂ ಅನ್ನದೆ ನಾನು ಏನನ್ನೂ ಸುಡುವುದಿಲ್ಲ. ಆ ಕಿವಿ ನನಗೂ ಬಂತು ಅಂದುಕೊಂಡು ಮೊನ್ನೆ ಅವರ ಗಾಡಿಯಲ್ಲಿ ಎಳೆ ತಿರುಳಿನದು ಹುಡುಕುತ್ತಾ ನಾನೇ ಕಾಯಿಗಳನ್ನು ತಟ್ಟಿದೆ. "ಇದ್ರಲ್ಲಿ ತೆಳು ಗಂಜಿ ಇರುತ್ತೆ, ಇದೇ ಕೊಡಿ" ಅಂತ ಒಂದನ್ನು ಆರಿಸಿದೆ.

ಅವರು ಅದನ್ನು ನನ್ನ ಕೈಯಿಂದ ತೆಗೆದು ವಾಪಸ್ ರಾಶಿಗೆ ಹಾಕಿ, ಬೇರೊಂದು ಕೆತ್ತಿ ಕೊಟ್ಟರು.

ಅದರಲ್ಲಿ ತೆಳು ಗಂಜಿಯೇ ಇತ್ತು.