ಒಡೆಯರು ಬಂದರು, ಆಳು ಬಂತು

ಹೊಸನಗರದ ಆ ಖಾಸಗಿ ವಾಚನಾಲಯದಲ್ಲಿ ಕಸ ಗುಡಿಸಿ, ಪುಸ್ತಕದ ಧೂಳು ಹೊಡೆಯುತ್ತ ಹುಲಿಯಮ್ಮನವರು ಹದಿನೆಂಟು ವರ್ಷ ಕಳೆದಿದ್ದರು. ಅಕ್ಷರ ಕಲಿತದ್ದು ಎರಡು ಮಕ್ಕಳಾದ ಮೇಲೆ, ಸಾಕ್ಷರತಾ ಆಂದೋಲನದ ಕಾಲದಲ್ಲಿ. ಆಮೇಲೆ ಓದುವ ಚಟ ಬಿಡಲಿಲ್ಲ. ಕೆಲಸ ಮಾತ್ರ ಖಾಯಂ ಅಲ್ಲ. ಪ್ರತಿ ಏಪ್ರಿಲ್‌ನಲ್ಲಿ ಅಧ್ಯಕ್ಷ ಗಿರಿಧರ ಸಹಿ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಬ್ರಿಟಿಷರ ಕಾಲದಲ್ಲಿ ಗಿರಿಧರನ ಮುತ್ತಜ್ಜ ಒಂದು ಕಾದಂಬರಿ ಬರೆದಿದ್ದ. ಅದಕ್ಕೆ ನೂರು ವರ್ಷ ತುಂಬಿತೆಂದು ಸಭೆ ಕರೆದು ಒಂದು ಅಧ್ಯಾಯ ಓದಿಸುವುದೆಂದಾಯಿತು. ಓದಬೇಕಿದ್ದ ಗ್ರಂಥಪಾಲಕಿ ಯಶಸ್ವಿನಿಗೆ ಗಂಟಲು ಕಟ್ಟಿತು. ಓದುವ ಚಟ ಗೊತ್ತಿದ್ದ ಅವಳು ಪುಸ್ತಕವನ್ನು ಹುಲಿಯಮ್ಮನವರ ಕೈಗಿಟ್ಟಳು. ಪುಟ ತೆರೆದರೆ ಹೀಗಿತ್ತು: ‘ದೊರೆಗಳು ದಯಮಾಡಿಸಿದರು. ಒಡೆಯರು ಬಂದರು. ಆಳು ಬಂತು. ಎತ್ತು ಬಂತು.’

“ಮೇಡಂ, ಎತ್ತಿಗೂ ಬಂತು, ಆಳಿಗೂ ಬಂತು. ಹಿಂಗ್ಯಾಕೆ?”

“ಆಳು ಅನ್ನೋದು ನಪುಂಸಕಲಿಂಗ ಅಲ್ವಾ ಹುಲಿಯಮ್ಮ. ವ್ಯಾಕರಣ.”

“ನಮ್ಮಪ್ಪ ಅಧ್ಯಕ್ಷರ ಮನೇಲೇ ಆಳಾಗಿದ್ದು. ಅವ್ರಿಗೆ ಮೀಸೆ ಇತ್ತಲ್ಲ.”

ಕಟ್ಟಿದ ಗಂಟಲಲ್ಲೇ ಯಶಸ್ವಿನಿ ನಕ್ಕಳು. ಬಾಗಿಲ ಕಡೆ ನೋಡಿ ಪಿಸುಗುಟ್ಟಿದಳು. “ಸಭೇಲಿ ಹಿಂಗೆಲ್ಲ ಕೇಳ್ಬೇಡಿ ಮಾರಾಯ್ರೆ. ಇದ್ದದ್ದು ಇದ್ದಂಗೆ ಓದಿ ಇಳೀರಿ. ನಿಮ್ಮ ಸಹಿ ಇನ್ನೂ ಆಗಿಲ್ಲ.”

ಮೂರು ದಿನ ಹುಲಿಯಮ್ಮನವರಿಗೆ ಅನ್ನ ಇಳಿಯಲಿಲ್ಲ. ಅಪ್ಪನ ನೆನಪಾದರೆ ಬಾಯಿಗೆ ಬಹುವಚನವೇ ಬರುತ್ತದೆ. ಸಭೆಯಲ್ಲಿ ನಾಲಿಗೆ ತಪ್ಪಿ ಆಳಿಗೆ ‘ಬಂದರು’ ಅಂದುಬಿಟ್ಟರೆ? ಪಾತ್ರೆ ತೊಳೆಯುವಾಗಲೂ ‘ಬಂತು, ಬಂತು’ ಎಂದು ಬಾಯಿಪಾಠ ಮಾಡಿದರು.

ಸಭೆಯ ದಿನ ಗಿರಿಧರ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ವೇದಿಕೆ ಹತ್ತಿದ ಹುಲಿಯಮ್ಮನವರ ಉಸಿರು ಕೂಡ ಮೈಕಿನಲ್ಲಿ ಬುಸುಗುಟ್ಟುತ್ತಿತ್ತು. ದೊರೆಗಳು ಹೇಗೋ ದಯಮಾಡಿಸಿದರು. ಅದರ ಹಿಂದೆಯೇ ಮೂರು ದಿನದ ಬಾಯಿಪಾಠ ನುಗ್ಗಿತು.

“ಒಡೆಯರು ಬಂತು.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

“ಎಂತ ಓದಿದ್ದು?” ಎಂದ ಗಿರಿಧರ. “ಇನ್ನೊಮ್ಮೆ ಓದು.”

ಸಹಿ ಹೋಯಿತು ಎಂದುಕೊಂಡರು. ಇಲ್ಲ, ಸರಿಯಾಗಿ ಓದಿದರೆ ಇನ್ನೂ ಉಳಿದೀತು.

“ಒಡೆಯರು ಬಂದರು.”

ಪುಸ್ತಕದ ಮುಂದಿನ ವಾಕ್ಯದಲ್ಲಿ ‘ಬಂತು’ ಎಂದೇ ಇತ್ತು. ಕಣ್ಣಿಗೆ ನಿಚ್ಚಳವಾಗಿ ಕಾಣುತ್ತಿತ್ತು. ಅದರ ಮೇಲೆ ಬೆರಳಿಟ್ಟರು.

“ಆಳು ಬಂದರು.”

ಈ ಸಲ ಯಾರೂ ನಗಲಿಲ್ಲ. ಗಿರಿಧರ ಅವರನ್ನು ನೋಡಲೂ ಇಲ್ಲ. ಯಶಸ್ವಿನಿಯ ಕಡೆ ತಿರುಗಿ, “ಇದನ್ನ ಯಾರು ಹತ್ತಿಸಿದ್ದು? ಇಳಿಸಿ” ಎಂದ.

ಯಾರೂ ಇಳಿಸಬೇಕಾಗಲಿಲ್ಲ. ಹುಲಿಯಮ್ಮನವರು ಗೋಡೆ ಹಿಡಿದುಕೊಂಡು ತಾವೇ ಇಳಿದರು. ಆ ಏಪ್ರಿಲ್‌ನಲ್ಲಿ ಸಹಿ ಬೀಳಲಿಲ್ಲ. ಈಗ ರಿಪ್ಪನ್‌ಪೇಟೆಯ ಹೋಟೆಲೊಂದರಲ್ಲಿ ತಟ್ಟೆ ತೊಳೆಯುತ್ತಾರೆ. ಮೈಕಿನ ಸದ್ದು ಕೇಳಿದರೆ ಈಗಲೂ ಕೈಯಲ್ಲಿದ್ದ ತಟ್ಟೆ ಜಾರುತ್ತದೆ.