ಗ್ರಾಫ್ ಹಾಳೆಯ ಮೇಲೊಂದು ಕೋಟೆ

ಬೆಳಗಿನ ಐದೂವರೆ. ರಾಮದುರ್ಗದ ನೇಕಾರರ ಓಣಿಯಲ್ಲಿ ಮಗ್ಗಗಳ ಸದ್ದು ಇನ್ನೂ ಶುರುವಾಗಿಲ್ಲ. ಅಲ್ಮಾಸ ಮಾತ್ರ ಆರಿದ ಚಹಾವನ್ನು ಪಕ್ಕಕ್ಕಿಟ್ಟು, ನೆಲದ ಮೇಲೆ ಹರಡಿದ ಗ್ರಾಫ್ ಹಾಳೆಗೆ ಬಾಗಿ ಕುಳಿತಿದ್ದಾರೆ. ಒಂದೊಂದೇ ಚೌಕ ತುಂಬುತ್ತಾರೆ, ಅಳಿಸುತ್ತಾರೆ, ಮತ್ತೆ ತುಂಬುತ್ತಾರೆ. ಕಂಡವರು ಸೀರೆಯ ದಡಿಯ, ಅಂದರೆ ಅಂಚಿನ, ನಕ್ಷೆ ಎಂದೇ ತಿಳಿಯಬೇಕು. ಅಲ್ಲ, ಅದೊಂದು ಪಾಳು ಕೋಟೆ. ಮೊಬೈಲಿನಲ್ಲಿ ಆಡುವವರು ಒಂದು ಆಡಿನ ಮರಿಯನ್ನು ಆ ಕೋಟೆಯ ತುದಿಗೆ ಹತ್ತಿಸಬೇಕು.

ಮೂವತ್ತಾರರ ಅಲ್ಮಾಸ ಹದಿನೆಂಟು ವರ್ಷಗಳಿಂದ ದಡಿಯ ನಕ್ಷೆ ಬರೆಯುತ್ತಿದ್ದಾರೆ. ತಂದೆ ಟಿಪ್ಪುಸಾಬ ಕಲಿಸಿದ ಕಸುಬು. ಹಿಂದೆ ತಿಂಗಳಿಗೆ ಇಪ್ಪತ್ತು ನಕ್ಷೆ ಕೇಳುತ್ತಿದ್ದ ನೇಕಾರರು ಈಗ ನಾಲ್ಕು ಕೇಳಿದರೆ ಹೆಚ್ಚು. ಹಾಗೆಂದು ಕೈಕಟ್ಟಿ ಕೂರುವ ಜಾಯಮಾನ ಇವರದಲ್ಲ. ಎರಡು ವರ್ಷದ ಹಿಂದೆ ಬಸ್ಸಿನಲ್ಲಿ ಪಕ್ಕದವರು ಆಡುತ್ತಿದ್ದ ಆಟದ ಮೇಲೆ ಕಣ್ಣು ಬಿತ್ತು. ಆಡುವವರು ಗೆಲುವು ನೋಡುತ್ತಿದ್ದರೆ ಇವರು ಆಟದ ನೆಲ ನೋಡುತ್ತಿದ್ದರು.

"ಅದೂ ಚೌಕ ಚೌಕನ ಇತ್ರಿ. ಹಂಗಾರ ಇದನ್ನ ಯಾರೋ ಕುಂತು ಬರದಿರಬೇಕಲ್ಲ, ಯಾರು ಬರೀತಾರ, ಹೆಂಗ ಬರೀತಾರ ಅಂತ ತಲಿ ಕೊರ್ಯಾಕ ಹತ್ತಿತು. ಸುರೇಬಾನದಾಗ ಇಳಿಯೂದ ಮರತು ಮುಂದ ಹೋಗಿಬಿಟ್ಟಿದ್ದೆ."

ಎಲ್ಲಿ ಗೋಡೆ, ಎಲ್ಲಿ ಹಳ್ಳ, ಎಲ್ಲಿ ಜಿಗಿತ ಎಂದು ಗೊತ್ತುಮಾಡುವ ಈ ಕೆಲಸಕ್ಕೆ ಲೆವೆಲ್ ಡಿಸೈನ್ ಎನ್ನುತ್ತಾರೆಂದು ಆಮೇಲೆ ತಿಳಿಯಿತು. ಒಂದು ಹಳೆಯ ಲ್ಯಾಪ್‌ಟಾಪ್, ಮೊಬೈಲಿನ ಪಾಠಗಳು, ದಿನಕ್ಕೆ ಎರಡು ತಾಸು. ಇಲ್ಲಿಯವರೆಗೆ ನೂರಾ ಹನ್ನೊಂದು ಹಾಳೆ ತುಂಬಿವೆ.

ಹುಬ್ಬಳ್ಳಿಯಲ್ಲಿ ನಾಲ್ಕು ಜನರನ್ನು ಕಟ್ಟಿಕೊಂಡು ಗೇಮ್ ತಯಾರಿಸುವ ಸಿದ್ದರಾಮ ಅವರಿಗೆ ಮೊದಲ ಲೆವೆಲ್ ಕಳಿಸಿದಾಗ ಎಡವಟ್ಟಾಯಿತು. ಗೋಡೆ, ಹಳ್ಳ, ಗೋಡೆ, ಹಳ್ಳ ಎಂದು ಕೊನೆಯತನಕ ಅಚ್ಚುಕಟ್ಟಾದ ದಡಿ. "ಒಂದು ಗೇಣು ಆಡಿದ್ರ ಮುಂದಿನ ಮಾರು ಗೊತ್ತಾಗತೈತ್ರಿ" ಎಂದು ಅವರು ವಾಪಸ್ ಕಳಿಸಿದರು. ಅಲ್ಮಾಸ ಅದನ್ನು ನೆನೆದು ಈಗ ನಗುತ್ತಾರೆ. "ದಡಿಯೊಳಗ ಒಂದು ಚೌಕ ತಪ್ಪಿದ್ರ ಸೀರಿ ಕೆಟ್ಟಂಗ. ಇಷ್ಟು ವರ್ಷ ತಪ್ಪಬಾರದು ಅಂತ ಕಲಿತೇನಿ. ಈಗ ಬೇಕಂತ ತಪ್ಪಿಸೂದು ಕಲಿಯಾಕ ಹತ್ತೇನಿ."

ಈ ಬಾರಿಯದು ಕೊನೆಯ ಅವಕಾಶ, ಅದಕ್ಕೆ ಸಿದ್ದರಾಮ ಅವರ ಷರತ್ತೂ ಇದೆ. ಪರದೆಯ ಮೇಲೆ ಒಂದಕ್ಷರವಿಲ್ಲದೆ, ಯಾರೂ ಹೇಳಿಕೊಡದೆ, ಗೇಮ್ ಆಡಿ ಗೊತ್ತಿಲ್ಲದವರು ಕೋಟೆಯ ತುದಿ ಮುಟ್ಟಬೇಕು. ಅದರ ವಿಡಿಯೊ ಮತ್ತು ಲೆವೆಲ್ ನಾಳೆ ಸಂಜೆಯೊಳಗೆ ಹುಬ್ಬಳ್ಳಿ ತಲುಪಬೇಕು. ಒಪ್ಪಿಗೆಯಾದರೆ ಹನ್ನೆರಡು ಲೆವೆಲ್‌ಗಳ ಕೆಲಸ ಇವರದು, ಇಲ್ಲದಿದ್ದರೆ ಬೇರೆಯವರ ಪಾಲು.

ಏಳಕ್ಕೆ ಪಕ್ಕದ ಮನೆಯ ಶಟ್ಟೆವ್ವ ಬರುತ್ತಾರೆ. ಅರವತ್ನಾಲ್ಕರ ಈಕೆಯ ಕೈ ನೂಲು ಸುತ್ತಿದ್ದೇ ಹೊರತು ಗೇಮ್ ಮುಟ್ಟಿದ್ದಲ್ಲ. ಹಾಳೆಯ ಕೋಟೆ ಈಗ ಮೊಬೈಲಿನಲ್ಲಿದೆ; ಅಲ್ಮಾಸ ಅದನ್ನು ಅವರ ಕೈಗಿತ್ತು ವಿಡಿಯೊ ಶುರುಮಾಡುತ್ತಾರೆ. ಆಡಿನ ಮರಿ ಗೋಡೆ ಜಿಗಿಯುತ್ತದೆ, ಮೆಟ್ಟಿಲು ಹತ್ತುತ್ತದೆ, ಒಂದು ಬಾವಿಯ ದಂಡೆಗೆ ಬಂದು ನಿಲ್ಲುತ್ತದೆ. ದಾರಿ ಇರುವುದು ಬಲಕ್ಕೆ. ಶಟ್ಟೆವ್ವ ಬಾವಿಗೇ ಹಾರಿಸುತ್ತಾರೆ. ಮರಿ ದಂಡೆಗೆ ಮರಳುತ್ತದೆ. ಮತ್ತೆ ಬಾವಿಗೆ. ಮೂರನೆಯ ಸಲವೂ ಬಾವಿಗೆ. ಅಲ್ಮಾಸ ಸೆರಗಿನ ತುದಿ ಕಚ್ಚಿ ಹಿಡಿದಿದ್ದಾರೆ. ಬಾಯಿ ಬಿಟ್ಟರೆ ಮಾಡಿದ್ದೆಲ್ಲ ನೀರುಪಾಲು. ಆಮೇಲೆ ಶಟ್ಟೆವ್ವ ಏನೂ ಆಗಿಲ್ಲವೆಂಬಂತೆ ಮರಿಯನ್ನು ಬಲಕ್ಕೆ ಹೊರಳಿಸಿ ತುದಿ ಮುಟ್ಟಿಸುತ್ತಾರೆ.

"ಆಯಿ, ಬಲಕ್ಕ ದಾರಿ ಕಾಣಲಿಲ್ಲೇನ್ರಿ?" ಎಂದು ಅಲ್ಮಾಸ ಅಜ್ಜಿಯನ್ನು ಕೇಳುತ್ತಾರೆ.

"ಕಂಡಿತ್ತಲ್ಲ. ಬಾವ್ಯಾಗ ನೀ ಏನಿಟ್ಟಿ ಅಂತ ನೋಡಾಕ ಹೋಗಿದ್ದೆ. ಏನೂ ಇಟ್ಟಿಲ್ಲಲ್ಲ ಮಾರಾಯ್ತಿ."

ವಿಡಿಯೊ ಸಿದ್ಧವಾಗಿದೆ. ಈಗಲೇ ಕಳಿಸಿ ನಿರಾಳವಾಗಬಹುದು. ಅಲ್ಮಾಸ ಕಳಿಸುವುದಿಲ್ಲ. ಹೊಸ ಹಾಳೆ ಎಳೆದುಕೊಂಡು ಬಾವಿಯ ತಳದಲ್ಲಿ ಸಣ್ಣ ಸಣ್ಣ ಚೌಕ ತುಂಬತೊಡಗುತ್ತಾರೆ. ಇನ್ನು ಎಲ್ಲವನ್ನೂ ಮತ್ತೆ ಪರೀಕ್ಷಿಸಬೇಕು, ಅದಕ್ಕಿರುವುದು ನಾಳೆ ಸಂಜೆಯವರೆಗಿನ ಸಮಯ ಮಾತ್ರ.

"ಸಿದ್ದರಾಮ ಅವರು ಒಪ್ಪೂದು ಬಿಡೂದು ಅವರಿಗೆ ಸೇರಿದ್ದ್ರಿ" ಎನ್ನುತ್ತಾರೆ ತಲೆ ಎತ್ತದೆ. "ಆಯಿ ಮೂರು ಸಲ ಬಗ್ಗಿ ನೋಡ್ಯಾರ. ಅವರು ಬರಿಗೈಲೆ ಹೋಗಬಾರದು, ಅಷ್ಟ."