ಸತ್ತವರನ್ನು ಮೀಯಿಸುತ್ತಿದ್ದ ಹಸನಾಕ

ಹಸನಾಕ ಯಾರನ್ನು ಕಂಡರೂ ಮೊದಲು ಹೆಗಲಿನಿಂದ ಹಿಮ್ಮಡಿಯವರೆಗೆ ಕಣ್ಣಲ್ಲೇ ಒಮ್ಮೆ ಅಳೆಯುತ್ತಿದ್ದರು. ಮನಾಮಾ ಪೇಟೆಯ ಹಿಂದಿನ ಓಣಿಯಲ್ಲಿ ಅವರದು ಟೈಲರ್ ಅಂಗಡಿ. ಆದರೆ ನಮ್ಮ ಕರಾವಳಿಯ ಮುಸ್ಲಿಮರು ಯಾರಾದರೂ ಬಹರೈನಿನಲ್ಲಿ ತೀರಿಕೊಂಡರೆ ಮೈ ತೊಳೆದು ಕಫನ್ ಬಟ್ಟೆ ಸುತ್ತುವುದಕ್ಕೂ ಅವರನ್ನೇ ಕರೆಯುತ್ತಿದ್ದರು. ಹೀಗಾಗಿ ಆ ನೋಟ ಕೆಲವರಿಗೆ ಹಿಡಿಸುತ್ತಿರಲಿಲ್ಲ. “ಪ್ಯಾಂಟಿಗೆ ನೋಡಿದ್ದು ಮಾರಾಯ್ರೆ, ಹೆದರ್ಬೇಡಿ” ಎಂದು ಅವರೇ ಮೊದಲು ನಗುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಉಪಸಂಪಾದಕ. ಮನೆ ಮಾಹೂಝ್‌ನಲ್ಲಿ, ಊರು ಉಡುಪಿಯ ಕಡೆ. ಅವರು ಉಳ್ಳಾಲದ ಬ್ಯಾರಿ. ಹೆಸರು ಹಸನ್, ಬ್ಯಾರಿಗಳು ಹಿರಿಯರಿಗೆ ಹೇಳುವ ‘ಕಾಕ’ ಸೇರಿ ಹಸನಾಕ ಆಗಿದ್ದರು.

“ನಮ್ಮಿಬ್ಬರದ್ದೂ ಒಂದೇ ಕೆಲಸ ಶೆಟ್ರೆ” ಎನ್ನುತ್ತಿದ್ದರು. “ನೀವು ಪೇಪರಿನಲ್ಲಿ ಬದುಕಿದ್ದವರನ್ನು ತೊಳೀತೀರಿ, ನಾನು ಸತ್ತವರನ್ನು. ನನ್ನವರು ಮರುದಿನ ಫೋನ್ ಮಾಡಿ ಬೈಯುದಿಲ್ಲ, ಅಷ್ಟೆ.”

ಒಮ್ಮೆ ಈದ್ ಹಬ್ಬಕ್ಕೆ ಎರಡು ದಿನ ಇರುವಾಗ ಟುಬ್ಲಿಯ ಗ್ಯಾರೇಜೊಂದರಲ್ಲಿ ಬಂಟ್ವಾಳದ ಹುಡುಗನೊಬ್ಬ ತೀರಿಕೊಂಡ. ಅಂಗಡಿ ತುಂಬ ಹೊಲಿಯದ ಬಟ್ಟೆ. ಹಸನಾಕ ಕತ್ತರಿ ಕೆಳಗಿಟ್ಟು ಎದ್ದರು.

“ಹಬ್ಬಕ್ಕೆ ನನ್ನ ಜುಬ್ಬಾ?” ಎಂದು ಗಿರಾಕಿಯೊಬ್ಬರು ರೇಗಿದರು.

“ಹಳೇದು ಹಾಕಿ ಸಾಹೇಬ್ರೆ. ಅವನಿಗೆ ಇನ್ನು ಹಳೇದೂ ಇಲ್ಲ.”

ನನ್ನ ಕಾರಿನಲ್ಲೇ ಹೋದೆವು. ಅವರು ಮುಗಿಸಿ ಬರುವವರೆಗೆ ನಾನು ಹೊರಗೆ ನಿಂತಿದ್ದೆ. ಬೇರೆ ಯಾರೂ ಸಿಗಲಿಲ್ಲವೇ ಎಂದು ವಾಪಸು ಬರುವಾಗ ಕೇಳಿದೆ.

“ನಮಾಜು, ಉಪವಾಸ ಅವರವರ ತಲೆ ಮೇಲೆ. ಸತ್ತವನನ್ನು ಮೀಯಿಸಿ ಮಣ್ಣು ಮಾಡುದು ಇಡೀ ಊರಿನ ತಲೆ ಮೇಲೆ. ಕೆಲವರು ಮಾಡಿದ್ರೆ ಎಲ್ಲರದ್ದೂ ಇಳೀತದೆ. ಯಾರೂ ಮಾಡದಿದ್ರೆ ಎಲ್ಲರೂ ಸಿಕ್ಕಿಬೀಳ್ತಾರೆ.”

ಎಂಬತ್ತರ ದಶಕದ ಆರಂಭದಲ್ಲಿ ಒಂದು ಮಧ್ಯಾಹ್ನ ಅವರು ನಮ್ಮ ಕಚೇರಿಗೆ ಬಂದರು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು, ಕೈಯಲ್ಲಿ ಟೆಲಿಗ್ರಾಂ. ಸರಕು ಹಡಗಿನಲ್ಲಿ ಅಡುಗೆಯವನಾಗಿದ್ದ ತಮ್ಮ ಅಬ್ಬಾಸ್ ಉತ್ತರ ಇಂಗ್ಲೆಂಡಿನ ಬಂದರೊಂದರ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಹಡಗು ಅವನನ್ನು ಅಲ್ಲೇ ಬಿಟ್ಟು ಮುಂದೆ ಹೋಗಿತ್ತು. ಟೆಲಿಗ್ರಾಂ ಬರುವಾಗಲೇ ನಾಲ್ಕು ದಿನ ಕಳೆದಿತ್ತು.

“ಅಲ್ಲಿ ನಮ್ಮವರು ಯಾರಿದ್ದಾರೆ ಶೆಟ್ರೆ? ಕಂಡವರನ್ನೆಲ್ಲ ಮೀಯಿಸಿದೆ ನಾನು. ಅವನನ್ನು ಯಾರು ಮೀಯಿಸಿದ್ರು? ಸುಟ್ಟುಬಿಟ್ರಾ?”

ಸಂಪಾದಕರನ್ನು ಕೇಳಿ ಆ ಬಂದರಿನಲ್ಲಿದ್ದ ಹಡಗಿನ ಏಜೆಂಟರಿಗೆ ಫೋನ್ ಹಚ್ಚಿದೆ. ಅಲ್ಲಿಯ ಗುಮಾಸ್ತ ನಿರಾಳವಾಗಿ ಹೇಳಿದ: “ಅವನನ್ನು ಯೆಮನಿಗಳು ಬಂದು ಒಯ್ದರು. ಅವರ ನಂಬರ್ ಬರೆದುಕೊಳ್ಳಿ.” ಕಲ್ಲಿದ್ದಲು ಹಡಗುಗಳ ಕಾಲದಲ್ಲಿ ಬಾಯ್ಲರಿನ ಕೆಲಸಕ್ಕೆ ಬಂದ ಯೆಮನಿ ನಾವಿಕರು ಆ ಬಂದರಿನಲ್ಲೇ ಉಳಿದು, ಅಲ್ಲಿಯ ಹೆಂಗಸರನ್ನೇ ಮದುವೆಯಾಗಿ, ಸಾಲುಮನೆಯೊಂದನ್ನು ಮಸೀದಿ ಮಾಡಿಕೊಂಡಿದ್ದರಂತೆ.

ಆ ನಂಬರಿಗೆ ಮುದುಕರೊಬ್ಬರು ಸಿಕ್ಕರು. ಹಸನಾಕ ರಿಸೀವರ್ ಕಸಿದುಕೊಂಡು ತಮ್ಮ ಪೇಟೆ ಅರಬ್ಬಿಯಲ್ಲಿ ವಿಚಾರಣೆ ಶುರು ಮಾಡಿದರು. ಒಂದೊಂದು ಉತ್ತರವನ್ನೂ ನನಗೆ ಕನ್ನಡದಲ್ಲಿ ಹೇಳುತ್ತ ಹೋದರು. “ಮೀಯಿಸಿದ್ದಾರೆ. ಕಫನ್ ಬಟ್ಟೆ ಮೂರೂ ಸುತ್ತಿದ್ದಾರೆ. ನಮಾಜಿಗೆ ಮಸೀದಿ ತುಂಬಿತ್ತಂತೆ, ಮೊನ್ನೆಯೇ ಮಣ್ಣು ಮಾಡಿದ್ರಂತೆ.” ದನಿ ಸಡಿಲವಾಗುತ್ತಿತ್ತು. ಕೊನೆಗೆ ಇನ್ನೇನೋ ಕೇಳಿದರು. ಉತ್ತರ ಬಂದದ್ದೇ ಮುಖ ಕಪ್ಪಿಟ್ಟಿತು. ರಿಸೀವರಿಗೆ ಅಂಗೈ ಮುಚ್ಚಿದರು.

“ಕೆಟ್ಟಿತು ಶೆಟ್ರೆ. ಮುಖ ಪಡುವಿಗೆ ತಾನೇ ಅಂತ ಕೇಳಿದೆ. ಅಲ್ಲವಂತೆ, ಮೂಡು ತೆಂಕಿಗಂತೆ. ತಿರುಗಾಮುರುಗಾ ಇಟ್ಟಿದ್ದಾರೆ!”

ನನಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಸತ್ತವರ ಮುಖ ಮಕ್ಕಾದ ಕಡೆಗಿರಬೇಕು. ಉಳ್ಳಾಲಕ್ಕೆ ಮಕ್ಕಾ ಪಡುವಣ, ಬಹರೈನಿಗೂ ಪಡುವಣ. ಜೀವಮಾನವಿಡೀ ಪಡುವಣಕ್ಕೇ ತಿರುಗಿಸಿದ ಕೈ ಅದು. ನಾನು ಗೋಡೆಯ ಭೂಪಟದ ಬಳಿ ಹೋಗಿ ಇಂಗ್ಲೆಂಡಿನ ಮೇಲೊಂದು ಬೆರಳು, ಮಕ್ಕಾದ ಮೇಲೊಂದು ಬೆರಳು ಇಟ್ಟು ತೋರಿಸಿದೆ.

ಹಸನಾಕ ದಿಟ್ಟಿಸಿ ನೋಡಿದರು. ಹಣೆ ಹಣೆ ಬಡಿದುಕೊಂಡರು. “ಅಯ್ಯೋ ನನ್ನ ಬುದ್ಧಿಯೇ!” ಎಂದು ಫೋನಿನಲ್ಲಿ ಮುದುಕರ ಬಳಿಯೂ ತಪ್ಪೊಪ್ಪಿಕೊಂಡರು. ಆ ಕಡೆಯ ನಗು ನನಗೂ ಕೇಳಿಸಿತು.

“ಪಡುವಿಗೆ ಇಟ್ಟಿದ್ರೆ ಅಮೆರಿಕ ನೋಡ್ಕೊಂಡು ಮಲಗ್ತಿದ್ದ ಅಂತಾರೆ ಮಾರಾಯ್ರೆ!”

ನಗುತ್ತಿದ್ದವರೇ ಅತ್ತರು. ಫೋನಿಟ್ಟು ಮತ್ತೆ ಭೂಪಟದ ಹತ್ತಿರ ಹೋದರು. ಇಂಗ್ಲೆಂಡಿನಿಂದ ಬೆರಳು ಎಳೆಯುತ್ತ ಬಂದರೆ ಮಕ್ಕಾ, ತುಸು ಆಚೆಗೆ ಬಹರೈನ್. “ಅಂದ್ರೆ ಅವ ನಮ್ಮ ಕಡೆ ನೋಡಿಯೇ ಮಲಗಿದ್ದಾನೆ” ಎಂದರು. ಆಮೇಲೆ, “ಒಂದು ಚಾ ತರಿಸಿ. ಬೆಳಗ್ಗಿನಿಂದ ಹೊಟ್ಟೆಗೆ ಏನೂ ಹೋಗ್ಲಿಲ್ಲ” ಎಂದರು.

ಕೆಲವು ವರ್ಷಗಳ ಬಳಿಕ ಅವರು ಅಂಗಡಿ ಬಿಟ್ಟುಕೊಟ್ಟು ಊರಿಗೆ ಹೊರಟಾಗ ವಿಮಾನ ನಿಲ್ದಾಣಕ್ಕೆ ಕರೆದೊಯ್ದವನು ನಾನೇ. ಇಂಗ್ಲೆಂಡಿಗೆ ಹೋಗಿ ತಮ್ಮನ ಗೋರಿ ನೋಡಬೇಕೆನಿಸಲಿಲ್ಲವೇ ಎಂದು ದಾರಿಯಲ್ಲಿ ಕೇಳಿದೆ.

“ಮೊದಲ ವರ್ಷ ಅನ್ನಿಸ್ತಿತ್ತು. ಆಮೇಲೆ ಇಲ್ಲ. ನಮ್ಮವರಿಲ್ಲದ ಕಡೆ ಸತ್ತ ಅಂತ ಅಲ್ವಾ ನಾನು ಹೆದರಿದ್ದು? ಅಲ್ಲಿ ಇದ್ರಲ್ಲ.”

ವಿಮಾನ ತಡವಿತ್ತು. ಕುರ್ಚಿಯಲ್ಲಿ ಕುಳಿತ ಹಸನಾಕ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಸುತ್ತಲಿನ ಗದ್ದಲದಲ್ಲೇ ನಿದ್ದೆ ಹೋದರು. ಕರೆ ಬಂದಾಗ ನಾನು ಭುಜ ಮುಟ್ಟಿ ಎಬ್ಬಿಸಿದೆ. ಅದೇ ಕೊನೆಯ ಭೇಟಿ.